ಇಣುಕಿ ನೋಡದ ಬಾವಿ

ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿನ ಗಂಡುಮಕ್ಕಳಿಗೆ ಇನ್ನೂ ಹೆಣ್ಣು ಸಿಗಬೇಕು. ಕಮಲಾಪುರದಲ್ಲಿ ಬಸ್ಸಿಳಿದು, ಕೆಂಪು ಬಾಳೆಯ ತೋಟಗಳನ್ನು ದಾಟಿ, ಕೆಂಪು ಕಲ್ಲಿನ ಗುಡ್ಡ ಹತ್ತಿದರೆ ಸಿಗುವ ಅರವತ್ತು ಮನೆಗಳ ಊರು ಎಂದರೆ ಸಾಕು. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಅವರು ಸುಮ್ಮನಿರಲಿ.

ಎಂಬತ್ತರ ದಶಕದ ಕೊನೆಯ ಮಾತು. ಕಲಬುರಗಿಯ ಒಂದು ಕಚೇರಿಯಲ್ಲಿದ್ದ ನನ್ನ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ಅಲ್ಲಿಯೇ ನನಗೊಂದು ನೌಕರಿ ಕೊಟ್ಟಿದ್ದರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹಳ್ಳಿಗಳಿಗೆ ಹೋಗಿ ಅಲ್ಲಿ ಏನಿದೆ, ಏನಿಲ್ಲ ಎಂದು ನಮೂನೆ ತುಂಬಿಕೊಂಡು ಬರುವ ಕೆಲಸ. ಉಳಿದವರು ಹೆಂಡತಿ ಮಕ್ಕಳಿದ್ದವರು, ಹಳ್ಳಿ ತಿರುಗಲು ಒಲ್ಲೆ ಎನ್ನುತ್ತಿದ್ದರು. ನನಗೆ ಮನೆಯಲ್ಲಿ ಯಾರೂ ಕಾಯುವವರಿರಲಿಲ್ಲವಾದ್ದರಿಂದ ದೂರದ ಊರುಗಳೆಲ್ಲ ನನ್ನ ಪಾಲಿಗೇ ಬಂದವು. ಬೇಸರವೇನೂ ಆಗಲಿಲ್ಲ. ಗಾಜಿಪುರದ ಆ ಎರಡು ಕೋಣೆಯ ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಬಸ್ಸಿನ ಕಿಟಕಿ ವಾಸಿ ಎನಿಸುತ್ತಿತ್ತು. ಮಕ್ಕಳಿರಲಿಲ್ಲ. ಅತ್ತೆ ಮಾವ ಸೊಲ್ಲಾಪುರದ ಮೈದುನನ ಮನೆಗೆ ಹೋದವರು ಅಲ್ಲಿಂದಲೇ ಮರಾಠಿಯಲ್ಲಿ ಕಾಗದ ಬರೆಯುತ್ತಿದ್ದರು. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಆಮೇಲೆ ನಮ್ಮ ಮನೆಗೆ ಬರುವುದನ್ನೂ ಬಿಟ್ಟರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಆ ಸಿಟ್ಟನ್ನು ತೋರಿಸಲಿಕ್ಕಾದರೂ ಯಾರಾದರೂ ಮನೆಗೆ ಬರಬೇಕಲ್ಲ.

ನಮ್ಮ ನಮೂನೆ ಆರು ಹಾಳೆಯದು. ಮೊದಲ ಹಾಳೆಯಲ್ಲಿ ಊರಿನ ಪೂರ್ವೇತಿಹಾಸ, ನಂತರ ರಸ್ತೆ, ಶಾಲೆ, ಅಂಚೆ, ದೀಪದ ಕಂಬ. ನಾಲ್ಕನೆಯ ಹಾಳೆ ಕುಡಿಯುವ ನೀರಿನದು: ಮೂಲ ಯಾವುದು, ಎಷ್ಟು ದೂರ, ಎಷ್ಟು ಆಳ, ಎಷ್ಟು ತಿಂಗಳು ಬತ್ತುತ್ತದೆ. ಊರಲ್ಲಿ ಪೆನ್ಸಿಲ್ಲಿನಿಂದ ಬರೆದು, ಕಚೇರಿಗೆ ಬಂದು ಮಸಿಯಲ್ಲಿ ತಿದ್ದಿ, ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಬೇಕು. ಒಂದು ಮೈಲಿಯೊಳಗೆ ನೀರಿಲ್ಲದ ಊರುಗಳ ಹೆಸರು ಬೇರೆ ಪಟ್ಟಿಗೆ ಹೋಗುತ್ತಿತ್ತು. ಆ ಪಟ್ಟಿಯಲ್ಲಿದ್ದ ಊರಿಗೆ ಮಾತ್ರ ಸರ್ಕಾರ ನೀರಿನ ಪೈಪು ಎಳೆಸುತ್ತಿತ್ತು.

ಮೊದಲ ಸಲ ಹೋದದ್ದು ದೀಪಾವಳಿ ಕಳೆದ ಮೇಲೆ. ಕಪನೂರ ಬರುವವರೆಗೆ ಬಸ್ಸಿನಲ್ಲಿ ನಿಂತಿದ್ದೆ, ಅಲ್ಲಿ ಕಾರ್ಖಾನೆಯವರು ಇಳಿದ ಮೇಲೆ ಸೀಟು ಸಿಕ್ಕಿತು. ಕಮಲಾಪುರದಿಂದ ಗುಡ್ಡದವರೆಗೆ ನಡೆದೇ ಹೋದೆ. ಊರ ಗೌಡರು ತಮ್ಮ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಅರವತ್ತು ದಾಟಿದ, ರುಮಾಲು ಸುತ್ತಿದ ಮನುಷ್ಯ. ಒಳಗಿನಿಂದ ಅವರ ಸೊಸೆ ಬೆಲ್ಲದ ಚೂರು, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ತಂಬಿಗೆಯ ತುಂಬ ನೀರು ತಂದಿಟ್ಟಳು. ಅಂಥ ಸಿಹಿನೀರು ಕಲಬುರಗಿಯಲ್ಲಿ ನಾನು ಕುಡಿದಿರಲಿಲ್ಲ. ನಾಚಿಕೆ ಬಿಟ್ಟು ಇನ್ನೊಂದು ತಂಬಿಗೆ ಕೇಳಿದೆ, ಅದೂ ಬಂತು. ಹೊರಡುವಾಗ ಕುಂಕುಮದ ಬಟ್ಟಲು ಹೊರಬಾಗಿಲಿಗೆ ಬಂತು. ಬರಿದಾದ ನನ್ನ ಹಣೆ ಕಂಡು ಹಾಗೆಯೇ ಒಳಗೆ ಹೋಯಿತು. ಅದರ ಬದಲಿಗೆ ಎನ್ನುವಂತೆ ಮೂರನೆಯ ತಂಬಿಗೆ ಬಂತು. ಅದನ್ನೂ ಕುಡಿದೆ.

ಪೂರ್ವೇತಿಹಾಸವನ್ನು ಗೌಡರು ಉತ್ಸಾಹದಿಂದ ಹೇಳಿದರು. ಅವರ ಅಜ್ಜನ ಕಾಲದಲ್ಲಿ ಊರು ಗುಡ್ಡದ ಕೆಳಗೆ ಹಳ್ಳದ ದಂಡೆಯಲ್ಲಿತ್ತಂತೆ. ಪ್ಲೇಗು ಬಂದು ಮನೆಗಿಬ್ಬರು ಸತ್ತಾಗ ಉಳಿದವರು ಬೆಂಕಿ, ಬೀಸುಕಲ್ಲು, ಹನುಮಪ್ಪನ ಮೂರ್ತಿ ಹೊತ್ತುಕೊಂಡು ಮೇಲೆ ಬಂದರಂತೆ. ಹಳೆಯ ಊರಿನಲ್ಲಿ ಈಗ ಗೋಡೆಯ ಮಣ್ಣು ಮಾತ್ರ ಇದೆ ಎಂದರು. ಇದನ್ನು ನಾನು ಆಸೆಪಟ್ಟು ಅರ್ಧ ಹಾಳೆ ಬರೆದುಕೊಂಡೆ. ನೀರಿನ ಕಾಲಮ್ಮಿಗೆ ಬಂದಾಗ ಗೌಡರು ಹನುಮಪ್ಪನ ಗುಡಿಯ ಮಗ್ಗುಲಿಗೆ ಕೈ ತೋರಿಸಿದರು. ಕಟ್ಟಿದ ಬಾವಿ, ಮೇಲೆ ಗಡಗಡಿ, ಅದಕ್ಕೆ ಹೊಸ ಹಗ್ಗ. "ಊರಾಗ ಅದ," ಎಂದರು. ಹಾಗೆಯೇ ಬರೆದುಕೊಂಡೆ.

ಬಾವಿಯನ್ನು ಇಣುಕಿ ನೋಡಿ ಆಳ ಬರೆಯಬೇಕೆಂಬುದು ನಿಯಮ. ನಾನು ನೋಡಲಿಲ್ಲ. ಇದಕ್ಕೆ ಕಾರಣವನ್ನು ಆಗ ಯಾರಿಗೂ ಹೇಳಿರಲಿಲ್ಲ. ಗಂಡ ಸತ್ತು ವರ್ಷ ತುಂಬುವುದರೊಳಗೆ ಒಮ್ಮೆ ಗಾಜಿಪುರದ ಗುಡಿಯ ಹಿಂದಿನ ಬಾವಿಯಲ್ಲಿ ಮೀನಿವೆಯೇ ಎಂದು ಬಗ್ಗಿ ನೋಡಿದ್ದೆ. ಹಾರಿಕೊಳ್ಳುತ್ತಾಳೆಂದು ನಾಲ್ಕು ಜನ ಓಡಿ ಬಂದು ರಟ್ಟೆ ಹಿಡಿದೆಳೆದು, ಬುದ್ಧಿ ಹೇಳಿ ಮನೆ ಮುಟ್ಟಿಸಿದ್ದರು. ಅಂದಿನಿಂದ ನಾನು ಯಾವ ಬಾವಿಯ ಹತ್ತಿರವೂ ಹೋಗುತ್ತಿರಲಿಲ್ಲ. ಹೀಗಾಗಿ ಗೌಡರನ್ನೇ ಆಳ ಕೇಳಿದೆ, ಅವರು ಹೇಳಿದ್ದನ್ನು ಬರೆದೆ.

ನಮೂನೆ ಕಚೇರಿಗೆ ಹೋಯಿತು. ನೀರಿಲ್ಲದ ಊರುಗಳ ಕರಡು ಪಟ್ಟಿ ತಯಾರಾಯಿತು, ಅದರಲ್ಲಿ ಆ ಊರಿರಲಿಲ್ಲ. ಇರಬೇಕೆಂದು ನನಗೂ ಅನಿಸಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ದೀಪದ ಕಂಬಗಳ ಎಣಿಕೆ ಬಿಟ್ಟುಹೋಗಿದೆ ಎಂದು ಮೇಲಿನಿಂದ ಟಿಪ್ಪಣಿ ಬಂತು. ಮತ್ತೆ ಹೋಗಬೇಕಾಯಿತು. ಬಿಸಿಲಿಗೆ ಹೆದರಿ ಮೊದಲ ಬಸ್ಸು ಹಿಡಿದೆ. ಗುಡ್ಡ ಹತ್ತುವಾಗ ದಾರಿಯಲ್ಲಿ ಹೆಂಗಸರ ಸಾಲು ಸಿಕ್ಕಿತು. ತಲೆಯ ಮೇಲೆ ಎರಡೆರಡು ಕೊಡ, ಬಗಲಲ್ಲಿ ಒಂದು. ಸಾಲಿನ ಕೊನೆಯವಳು ಗೌಡರ ಸೊಸೆ. ನನ್ನನ್ನು ಕಂಡು ಕೊಡ ಇಳಿಸಲಿಕ್ಕೂ ಆಗದೆ, ನಿಲ್ಲಲಿಕ್ಕೂ ಆಗದೆ, ಮುಖ ಮಾತ್ರ ಕೆಂಪಗೆ ಮಾಡಿಕೊಂಡಳು. ಊರಲ್ಲೇ ಬಾವಿ ಇದೆಯಲ್ಲ ಎಂದೆ. ಅವಳು ಮನೆಗೆ ಹೋಗಿ ಕೊಡ ಇಳಿಸಿ ಬಂದು, ನನ್ನನ್ನು ಹನುಮಪ್ಪನ ಗುಡಿಯ ಹತ್ತಿರ ಕರೆದೊಯ್ದಳು. ನನ್ನ ಕೈ ಹಿಡಿದುಕೊಂಡು ಈಗ ನೋಡಿರೆಂದಳು. ಬಗ್ಗಿ ನೋಡಿದೆ. ತಳದಲ್ಲಿ ಬಂಡೆ, ಬಂಡೆಯ ಮೇಲೆ ಒಣಗಿದ ಜಾಲಿಮುಳ್ಳು, ಒಂದು ಮುರಿದ ಹೊರಸು. ಪಾರಿವಾಳಗಳು ರೆಕ್ಕೆ ಬಡಿಯುತ್ತ ಮೇಲೆದ್ದವು.

ಆ ಬಾವಿಗೆ ಎಂದೂ ನೀರು ಬಿದ್ದಿರಲಿಲ್ಲ. ಮೇಲೆ ಬಂದ ಹೊಸತರಲ್ಲಿ ತೋಡಿದರು, ಕಲ್ಲು ಹತ್ತಿತು, ಬಿಟ್ಟರು. ಗಂಡು ನೋಡಲಿಕ್ಕೆ ಬೀಗರು ಬರುವ ದಿನ ಮಾತ್ರ ಗಡಗಡಿಗೆ ಎಣ್ಣೆ ಬಿಟ್ಟು ಹೊಸ ಹಗ್ಗ ಕಟ್ಟುತ್ತಿದ್ದರು. ಸರ್ಕಾರದವರು ಬಂದ ದಿನವೂ ಕಟ್ಟಿದ್ದರು. ಇದನ್ನೆಲ್ಲ ಹೇಳಿದ ಸೊಸೆ ಕಮಲಾಪುರದ ಬಾಳೆತೋಟದ ಮನೆತನದವಳು. ಹುಟ್ಟಿದಾಗಿನಿಂದ ಕಾಲುವೆಯಲ್ಲಿ ಕಾಲಾಡಿಸಿಕೊಂಡು ಬೆಳೆದವಳು.

"ನಮ್ಮಪ್ಪಗೂ ಹಿಂಗೇ ತಂಬಿಗಿ ತುಂಬ ನೀರ ಕೊಟ್ಟಿದ್ರರೀ ಅಕ್ಕೋರ," ಎಂದಳು. "ಬಾವಿ ದೂರಿಂದನೇ ತೋರ್ಸಿದ್ರು. ಅವನೂ ಇಣುಕಿ ನೋಡ್ಲಿಲ್ಲ. ನೀವರ ನೋಡ್ತೀರಿ ಅಂತ ನಾ ಬಾಗಿಲಾಗ ನಿಂತು ಕಾಯ್ದೆ."

ನಾನು ಕುಡಿದ ಮೂರು ತಂಬಿಗೆ ನೀರು ನೆನಪಾಯಿತು. ನಿಂತಲ್ಲೇ ಕುಗ್ಗಿಹೋದೆ.

ಗೌಡರ ಕಟ್ಟೆಗೆ ಹೋಗಿ, ನಮೂದು ತಪ್ಪಾಗಿದೆ, ತಿದ್ದುತ್ತೇನೆ, ನೀರಿಲ್ಲವೆಂದು ನೀವು ಪಂಚನಾಮೆಗೆ ಸಹಿ ಹಾಕಿದರೆ ಊರು ಪಟ್ಟಿಗೆ ಸೇರುತ್ತದೆ ಎಂದೆ. ಅವರು ಸಿಟ್ಟಿಗೇಳಲಿಲ್ಲ. ತಂಬಾಕು ತಿಕ್ಕುತ್ತ ಕೂತರು. ಕಿರಿಯ ಮಗನಿಗೆ ಆಳಂದದ ಕಡೆ ಮಾತು ನಡೆದಿತ್ತು.

"ಬಾಯಾರ, ನೀರಿಲ್ಲದ ಊರು ಅಂತ ಸರ್ಕಾರಿ ಕಾಗದದಾಗ ಬಿತ್ತಂದ್ರ ನಮ್ಮ ಹುಡುಗ್ರಿಗಿ ಹೆಣ್ಣ ಯಾರು ಕೊಡ್ತಾರ? ಬಂದವ್ರಿಗಿ ನೀರಿಲ್ಲ ಅಂತ ನಮ್ಮ ಮನಿತನದಾಗ ಯಾರೂ ಅಂದಿಲ್ಲರೀ. ನನ್ನ ಬಾಯಿಲೆ ಅನಸಬ್ಯಾಡ್ರಿ."

ಸಹಿ ಹಾಕಲಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಲು ನಾನು ತುಂಬ ಪ್ರಯತ್ನಪಟ್ಟೆ, ಬರಲಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಸೊಲ್ಲಾಪುರಕ್ಕೆ ನಾನೂ ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ.

ಕಚೇರಿಗೆ ಬಂದು ಮೊದಲು ಕಂದಾಯದ ಹಳೆಯ ನಕಾಶೆ ತೆಗೆಸಿದೆ. ಅದು ನಿಜಾಮರ ಕಾಲದ ಉರ್ದು ಬರಹ. ದಫ್ತರಖಾನೆಯಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರೊಬ್ಬರು ಕನ್ನಡಕ ಏರಿಸಿ ಓದಿ ಹೇಳಿದರು. ಆಬಾದಿ ಎಂದರೆ ಜನವಸತಿ, ಅದರ ನಡುವೆ ಬಾವಿಯ ಗುರುತು. ಎರಡೂ ಹಳ್ಳದ ದಂಡೆಯಲ್ಲಿ. ಊರು ಮೇಲೆ ಹೋದದ್ದು ನಕಾಶೆಗೆ ಗೊತ್ತೇ ಇಲ್ಲ. ಜನ ಮೇಲೆ ಬಂದಿದ್ದರು, ನೀರು ಕೆಳಗೆ ಹಾಳೂರಿನಲ್ಲಿಯೇ ಉಳಿದಿತ್ತು. ಒಂದನೆಯ ಹಾಳೆಯಲ್ಲಿ ನನ್ನ ಕೈಯಾರೆ ಬರೆದ ಪ್ಲೇಗಿನ ಕಥೆಯಲ್ಲಿ ಇದೆಲ್ಲ ಇತ್ತು. ನಾಲ್ಕನೆಯ ಹಾಳೆ ತುಂಬುವಾಗ ಒಂದನೆಯದನ್ನು ನಾನು ತಿರುವಿ ನೋಡಿರಲಿಲ್ಲ.

ಹಾಳೂರ ಬಾವಿ ಮೈಲಿಗಿಂತ ದೂರವಿದೆ ಎಂದು ತೋರಿಸಬೇಕಿತ್ತು. ಸರ್ವೆ ವಿಭಾಗದಿಂದ ಸರಪಳಿಯನ್ನು ಕೈಚೀಟಿ ಬರೆದುಕೊಟ್ಟು ಎರವಲು ತಂದೆ. ಮೂವತ್ತಮೂರು ಅಡಿಯ ಸರಪಳಿ. ನೂರಾ ಅರವತ್ತು ಸರಪಳಿಗೆ ಒಂದು ಮೈಲಿ. ಅಳೆಯಲು ಇಬ್ಬರು ಬೇಕು. ಒಬ್ಬರು ಹಿಂದಿನ ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಮುಂದೆ ಹೋಗಿ ಎಳೆದು ಕಬ್ಬಿಣದ ಕಡ್ಡಿ ಚುಚ್ಚಬೇಕು. ಕಚೇರಿಯಿಂದ ಯಾರನ್ನೂ ಕಳಿಸಲಿಲ್ಲ. "ನಾ ಹೆಂಗೂ ನೀರಿಗಿ ಹೋಗಾಕಿನೇ," ಎಂದು ಸೊಸೆ ಒಂದು ಕೈಯಲ್ಲಿ ಖಾಲಿ ಕೊಡ, ಇನ್ನೊಂದರಲ್ಲಿ ಸರಪಳಿಯ ತುದಿ ಹಿಡಿದಳು. ಗೌಡರು ಕಟ್ಟೆಯ ಮೇಲಿಂದ ನೋಡಿದರು. ನೀರಿಗೆ ಹೋಗುವ ಸೊಸೆಯನ್ನು ಯಾವ ಮಾವ ತಡೆದಾನು?

ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ಹಾಸಿ ಅಳೆಯುವಂತಿಲ್ಲ. ಮಟ್ಟವಾಗಿ ಹಿಡಿಯಬೇಕು. ಮೇಲಿನ ತುದಿ ನೆಲಕ್ಕೆ, ಕೆಳಗಿನ ತುದಿ ಎದೆಯ ಮಟ್ಟಕ್ಕೆ, ಅಲ್ಲಿಂದ ಒಂದು ಹರಳು ಬಿಟ್ಟು ಅದು ಬಿದ್ದಲ್ಲಿ ಕಡ್ಡಿ. ಕಡಿದಾದಲ್ಲಿ ಅರ್ಧ ಸರಪಳಿ, ಕಾಲು ಸರಪಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಹತ್ತು ಕಡ್ಡಿ ಮುಗಿದಾಗಲೆಲ್ಲ ಸೊಸೆ ಸೆರಗಿಗೆ ಒಂದು ಗಂಟು ಹಾಕಿಕೊಂಡಳು. ಹಾಳೂರ ಬಾವಿಯ ಕಟ್ಟೆ ಮುಟ್ಟುವಾಗ ಹದಿನೈದು ಗಂಟು, ಏಳು ಕಡ್ಡಿ. ನೂರಾ ಐವತ್ತೇಳು.

ಮೂರು ಸರಪಳಿ ಕಡಿಮೆ. ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಸುಳ್ಳು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ಸರಪಳಿ ತಾನೆ! ಆದರೆ ಒಂದು ಸುಳ್ಳಿನಿಂದ ಆದ ಕೇಡನ್ನು ಸರಿಮಾಡಲು ಬಂದಿದ್ದೆ, ಇನ್ನೊಂದಕ್ಕೆ ಕೈ ಏಳಲಿಲ್ಲ. ಸೋತೆ ಎಂದು ಸೊಸೆಗೆ ಹೇಳಿದೆ. ಅವಳು ಕೊಡ ತುಂಬಿ, ಸಿಂಬಿ ಸರಿಪಡಿಸಿ ತಲೆಗೇರಿಸಿಕೊಂಡು ಹೊರಟಳು. ನಾನು ಇಳಿದು ಬಂದ ದಾರಿಗೆ ತಿರುಗಿದೆ. ಅವಳು ಬೇರೆ ದಿಕ್ಕಿಗೆ ಹೊರಟಿದ್ದಳು. ಎಲ್ಲಿಗೆ ಎಂದೆ.

"ಮನಿಗ್ರೀ. ತುಂಬಿದ ಕೊಡ ಹೊತ್ತು ಆ ಕಡಿದಾದ ದಾರಿ ಹತ್ತಾಕ ಆಗ್ತದೇನ್ರಿ? ಬರೂಮುಂದ ಸುತ್ತು ಹಾಕೇ ಬರ್ತೀವಿ."

ಮಾರ್ಚಿನಲ್ಲಿ ಅವರ ಸಾಲು ನನಗೆ ಸಿಕ್ಕಿದ್ದು ಆ ಸುತ್ತಿನ ದಾರಿಯಲ್ಲೇ. ಆದರೂ ಹೊಳೆದಿರಲಿಲ್ಲ. ನಮ್ಮ ಸೂಚನಾ ಪತ್ರದಲ್ಲಿ ಮೂಲಕ್ಕೆ ಹೋಗುವ ದೂರ ಎಂದಿರಲಿಲ್ಲ, ನೀರು ಹೊತ್ತು ತರುವ ದೂರ ಎಂದಿತ್ತು. ಅದನ್ನು ಹತ್ತು ಸಲ ಓದಿದ್ದೆ. ಹೊತ್ತು ತರದವಳಿಗೆ ಆ ಎರಡರ ವ್ಯತ್ಯಾಸ ಕಂಡಿರಲಿಲ್ಲ. ಮರುದಿನ ಅವಳು ಎರಡು ಖೇಪು ನೀರು ಹೊತ್ತು ಮುಗಿಸಿ ಬಂದ ಮೇಲೆ ಸುತ್ತಿನ ದಾರಿ ಅಳೆದೆವು. ಹದಿನೆಂಟು ಗಂಟು, ಒಂದು ಕಡ್ಡಿ. ಗುಡ್ಡದ ನೆತ್ತಿಯಲ್ಲಿ ನಾವಿಬ್ಬರೂ ಕೂತು ಅವಳ ಸೆರಗಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಮತ್ತೆ ಎಣಿಸಿದೆವು. ಮದುವೆಯಾಗಿ ಬಂದ ಮೇಲೆ ಹೀಗೆ ಯಾರ ಜೊತೆಗೂ ಸುಮ್ಮನೆ ಕೂತಿರಲಿಲ್ಲ ಎಂದಳು. ನಾನೂ ಕೂತು ಬಹಳ ದಿನವಾಗಿತ್ತು.

ಸರ್ಕಾರಿ ಕಾಗದದಲ್ಲಿ ತಿದ್ದುವುದಕ್ಕೊಂದು ಕ್ರಮವಿದೆ. ಅಳಿಸಬಾರದು, ಕೆರೆಯಬಾರದು. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಹೊಸದನ್ನು ಬರೆದು, ಚಿಕ್ಕ ಸಹಿ, ತಾರೀಖು. ಮೂರು ಪ್ರತಿಯಲ್ಲೂ ಗೆರೆ ಎಳೆದೆ. ಕೊನೆಗೆ, ಬಾವಿಯನ್ನು ನಾನು ಖುದ್ದಾಗಿ ನೋಡಿರಲಿಲ್ಲ ಎಂದು ಟಿಪ್ಪಣಿ ಬರೆದೆ. ನಮ್ಮ ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ನೋಡದೇ ನಮೂದಿಸಿದ್ದಾಗಿ ಪ್ರೊಬೇಷನ್ನಿನಲ್ಲಿರುವವರು ತಾವೇ ಬರೆದುಕೊಟ್ಟರೆ ಅದರ ಪರಿಣಾಮ ಗೊತ್ತೇ ಎಂದು ಕೇಳಿದರು. ಟಿಪ್ಪಣಿ ಹಿಂದಕ್ಕೆ ಪಡೆಯಲು ಸಂಜೆಯವರೆಗೆ ಸಮಯ ಕೊಟ್ಟರು. ಕೆಟ್ಟ ಮನುಷ್ಯರೇನಲ್ಲ. ನನ್ನ ಗಂಡನ ಜೊತೆ ಕೆಲಸ ಮಾಡಿದವರು.

ಮಧ್ಯಾಹ್ನ ಸ್ಟೇಶನ್ ಬಜಾರದವರೆಗೆ ನಡೆದು ಹೋಗಿ ಬಂದೆ. ಈ ನೌಕರಿ ಹೋದರೆ ಸೊಲ್ಲಾಪುರಕ್ಕೆ ಹೋಗಿ ಮೈದುನನ ಮನೆಯ ಒಂದು ಮೂಲೆ ಹಿಡಿಯಬೇಕಾಗಿತ್ತು. ಸಾಲಿನ ಕೊನೆಯಲ್ಲಿ ಕೊಡ ಹೊತ್ತು ಬಂದವಳ ಮುಖ ಕಣ್ಣ ಮುಂದಿನಿಂದ ಹೋಗಲೊಲ್ಲದು. ಅವಳ ಅಪ್ಪ ಇಣುಕದೆ ಹೋದದ್ದನ್ನು ತಿದ್ದಲು ಯಾವ ಕಾಗದವೂ ಇರಲಿಲ್ಲ. ನನ್ನದನ್ನು ತಿದ್ದಲಿಕ್ಕಿತ್ತು. ಸಂಜೆ ಹೋಗಿ, ಟಿಪ್ಪಣಿ ಇರಲಿ ಸರ್ ಎಂದೆ.

ಪಟ್ಟಿ ಸೋಮವಾರ ಮೇಲೆ ಹೋಗಬೇಕಿತ್ತು. ಪಂಚನಾಮೆಯಿಲ್ಲದ ತಿದ್ದುಪಡಿಯನ್ನು ನಂಬುವಂತಿಲ್ಲ, ಶನಿವಾರ ತಾವೇ ಬಂದು ನೋಡುವುದಾಗಿ ಸಾಹೇಬರು ಹೇಳಿದರು. ಜೀಪು ಬಂಡಿದಾರಿ ಹಿಡಿದು ಊರು ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾವಿಯ ಗಡಗಡಿಗೆ ಹೊಸ ಹಗ್ಗ ಬಿಗಿದಿತ್ತು. ನಾವು ಬರುವ ಸುದ್ದಿ ಊರಿಗೆ ಮೊದಲೇ ಮುಟ್ಟಿತ್ತು.

ಕಟ್ಟೆಯ ಮೇಲೆ ಅದೇ ಕಂಬಳಿ. ಸಾಹೇಬರು ನಕಾಶೆ ಬಿಡಿಸಿ, ಇದರಲ್ಲೂ ಊರೊಳಗೆ ಬಾವಿ, ಕಣ್ಣೆದುರಿಗೂ ಬಾವಿ, ನಿಮ್ಮ ಮೊದಲ ನಮೂದಿನಲ್ಲೂ ಬಾವಿ, ಇನ್ನೇನು ಎಂದರು. ನಾನು ಹಾಳೂರಿನ ವಿಷಯ, ಸುತ್ತಿನ ದಾರಿ ಎಲ್ಲ ಹೇಳಿದೆ. ನೀವು ಹೇಳುವುದು ಬೇಡ, ಊರವರು ಹೇಳಲಿ ಎಂದರು. ಹತ್ತಾರು ಜನ ನಿಂತಿದ್ದರು. ಎಲ್ಲರೂ ಗೌಡರ ಮುಖ ನೋಡಿದರು, ಗೌಡರು ನೆಲ ನೋಡಿದರು. ಸಾಹೇಬರು ಬೆವರು ಒರೆಸಿಕೊಂಡು, ಇರಲಿ, ಮೊದಲು ಕುಡಿಯಲು ಒಂದಿಷ್ಟು ನೀರು ಕೊಡಿ ಗೌಡರೇ ಎಂದರು.

ಬಾಗಿಲ ಹಿಂದೆ ಸೊಸೆ ನಿಂತಿದ್ದಳು. ಕೈಯಲ್ಲಿ ಆ ತಾಮ್ರದ ತಂಬಿಗೆ, ಕಂಠದವರೆಗೆ ನೀರು. ಅದು ಹೊರಗೆ ಬಂದರೆ ಎಲ್ಲ ಮುಗಿಯಿತೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಅತಿಥಿ ನೀರು ಕೇಳಿದ್ದರು. ಅವಳು ಹೊಸ್ತಿಲಿಗೆ ಕಾಲಿಟ್ಟಳು. ಗೌಡರು ತಿರುಗಿ ಅವಳನ್ನು ನೋಡಿದರು. ತಂಬಿಗೆಯನ್ನು ನೋಡಿದರು. ಆಮೇಲೆ ಅಂಗೈ ಅಡ್ಡ ಹಿಡಿದರು.

"ನೀರ ಇಲ್ಲರೀ ಸಾಹೇಬ್ರ," ಎಂದರು. ದನಿ ಸಣ್ಣಗಿತ್ತು. ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದರು. "ಈ ಊರಾಗ ನೀರ ಇಲ್ಲ. ಹೆಣ್ಮಕ್ಕಳು ಕೆಳಗ ಹೋಗ್ಯಾರ. ಬರೂತನಕ ಕುಂದ್ರಬೇಕಾಗ್ತದ."

ಹೇಳಿ, ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸತ್ತವರ ಮನೆಯಲ್ಲಿ ಮಾತ್ರ ಹಾಗೆ ಕೂರುವುದನ್ನು ನಾನು ಕಂಡಿದ್ದೆ. ಸಾಹೇಬರು ಎದ್ದು ಹೋಗಿ ಬಾವಿ ಇಣುಕಿ ನೋಡಿದರು. ಪಾರಿವಾಳ ಹಾರಿದವು. ಹಿಂತಿರುಗಿ ಬಂದು ನನ್ನ ತಿದ್ದುಪಡಿಯ ಕೆಳಗೆ ಸಹಿ ಹಾಕಿದರು. ಗೌಡರೂ ಪಂಚನಾಮೆಗೆ ಮೋಡಿ ಎಂಬ ಹಳೆಯ ಮರಾಠಿ ಅಕ್ಷರದಲ್ಲಿ ಸಹಿ ಹಾಕಿದರು. ಅಂದು ನಮಗ್ಯಾರಿಗೂ ಆ ಊರಿನಲ್ಲಿ ನೀರು ಸಿಗಲಿಲ್ಲ. ಕಮಲಾಪುರಕ್ಕೆ ಇಳಿದು ಬಂದು ಕುಡಿದೆವು.

ಸೋಮವಾರದ ಪಟ್ಟಿಯಲ್ಲಿ ಊರಿನ ಹೆಸರು ಹೋಯಿತು. ಅದೇ ವಾರ ನನಗೆ ಮೆಮೊ ಬಂತು. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು, ನೌಕರಿ ಉಳಿಯಿತು. ಹಳ್ಳಿ ತಿರುಗುವ ಕೆಲಸ ತಪ್ಪಿಸಿ ಬಂದುಹೋಗುವ ಕಾಗದ ಬರೆದಿಡುವ ಆವಕ ಜಾವಕದ ಮೇಜಿಗೆ ಕೂರಿಸಿದರು. ಬಸ್ಸಿನ ಕಿಟಕಿಯೂ ಹೋಯಿತು. ಕಚೇರಿಯ ಗೋಡೆ, ಮನೆಯ ಗೋಡೆ, ಎರಡೇ ಉಳಿದವು. ಬೆಳಿಗ್ಗೆ ನಲ್ಲಿ ಬಂದಾಗ ಒಬ್ಬಳಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ತುಂಬಿಡುತ್ತಿದ್ದೆ.

ಶ್ರಾವಣದ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಗೌಡರ ಸೊಸೆ. ದವಾಖಾನೆಗೆ ಬಂದವಳು ಗಂಡನನ್ನು ಔಷಧಿಯ ಸಾಲಿನಲ್ಲಿ ನಿಲ್ಲಿಸಿ, ಗಾಜಿಪುರದಲ್ಲಿ ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದ್ದಳು. ಊರಲ್ಲಿ ಪೈಪಿನ ದಾರಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ, ಪೈಪು ಇನ್ನೂ ಬಂದಿಲ್ಲ ಎಂದಳು. ಆಳಂದದ ಸಂಬಂಧ ಮುರಿದುಹೋಯಿತು ಎಂದೂ ಹೇಳಿದಳು. ಮಾವ ಈಗ ಬಾವಿಗೆ ಹಗ್ಗ ಕಟ್ಟಿಸುವುದಿಲ್ಲವಂತೆ.

ನಾನು ಒಳಗೆ ಹೋಗಿ, ಎಷ್ಟೋ ದಿನದಿಂದ ಗೋಡೆಯ ಮಾಡದಲ್ಲಿ ಬೋರಲಾಗಿದ್ದ ಹಿತ್ತಾಳೆಯ ತಂಬಿಗೆ ತೊಳೆದು, ಬೆಲ್ಲ ಮತ್ತು ನೀರು ತಂದು ಅವಳ ಮುಂದಿಟ್ಟೆ. ಅವಳು ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು, ಆದರೆ ಕುಡಿಯಲಿಲ್ಲ. ನನ್ನ ಮುಖ ನೋಡಿದಳು.

"ಎಷ್ಟು ದೂರಿಂದ ತಂದೀರಿ ಅಕ್ಕೋರ?"

ದೀಪಾವಳಿ ಕಳೆದ ಆ ದಿನ, ಅವಳ ಕೈಯಿಂದ ತಂಬಿಗೆ ಇಸಿದುಕೊಳ್ಳುವಾಗ ನಾನು ಕೇಳಬೇಕಾಗಿದ್ದ ಮಾತು ಅದು.

"ಇಲ್ಲೇ ನಮ್ಮವ್ವ, ಮನಿಯೊಳಗಿಂದ," ಎಂದೆ. ಅವಳು ಕುಡಿದು, ಇನ್ನೊಂದು ತಂಬಿಗೆ ಕೇಳಿದಳು.